ಸಹಾಯ ಬೇಕು: ಮನೆಪಾಠದ ಹೊಸ ವರ್ಷ, ಇಬ್ಬರು ಮಕ್ಕಳು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಮನೆಯಲ್ಲೇ ಪಾಠ ಶುರು ಮಾಡಿ ಒಂದು ವರ್ಷ ಆಯಿತು. ಮಗಳಿಗೆ 10, ಮಗನಿಗೆ 6. ಹೋದ ವರ್ಷ ವೇಳಾಪಟ್ಟಿಯನ್ನು ನಾನೊಬ್ಬಳೇ ಕೂತು ಬರೆದು ಗೋಡೆಗೆ ಅಂಟಿಸಿದ್ದೆ, ಮೂರು ವಾರ ಆದಮೇಲೆ ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. ಅದಕ್ಕೇ ಈ ಸಲ ನಾಲ್ಕೂ ಜನ ಒಟ್ಟಿಗೆ ಕೂತು ಮಾತಾಡಿದೆವು. ಗಣಿತ ಬೆಳಿಗ್ಗೆಯೇ ಮುಗಿಸುತ್ತೇನೆ ಅಂತ ಮಗಳು ಹೇಳಿದಳು, ಖುಷಿಯಾಯಿತು. ಆದರೆ ಅವಳಿಗೆ ಭಿನ್ನರಾಶಿ ಹೇಳಿಕೊಡುವಾಗ ಚಿಕ್ಕವನು ಹತ್ತೇ ನಿಮಿಷಕ್ಕೆ ಪೆನ್ಸಿಲ್ ಬಿಟ್ಟು ಮೇಜಿನ ಕೆಳಗೆ ಇಳಿದುಬಿಡುತ್ತಾನೆ. ಕಥೆ, ವಿಜ್ಞಾನ ಇಬ್ಬರಿಗೂ ಒಟ್ಟಿಗೆ ಮಾಡಬಹುದು. ಗಣಿತ ಹಾಗಲ್ಲ ಅಲ್ವಾ? ಆ ಹೊತ್ತಿನಲ್ಲಿ ಅವನಿಗೆ ಏನು ಕೊಡಲಿ? ಮತ್ತೆ, ಮೊದಲ ವಾರವೇ ಎಲ್ಲ ವಿಷಯ ಶುರು ಮಾಡುತ್ತೀರಾ, ಇಲ್ಲ ಒಂದೊಂದಾಗಿ ಸೇರಿಸುತ್ತೀರಾ? ಅನುಭವ ಇರುವವರು ದಯವಿಟ್ಟು ಹೇಳಿ.