ನ್ಯಾನೊ ಕಣದ ಕ್ಯಾನ್ಸರ್ ಔಷಧ ಗಡ್ಡೆಗಷ್ಟೇ ಹೋಗಿ ಸೇರುತ್ತದೆಯೇ?

ಪ್ರಶ್ನೆ: ಶಿರಸಿ ಸೀಮೆಯ ಅಡಿಕೆ ಬೆಳೆಗಾರ

ನಮ್ಮ ಚಿಕ್ಕಮ್ಮನವರಿಗೆ ಅಂಡಾಶಯದ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯೂ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಕಿಮೋ ಕೂಡ ಮುಗಿದು ಕೆಲಕಾಲ ಆರಾಮಾಗಿದ್ದರು. ಈಗ ರೋಗ ಮರುಕಳಿಸಿರುವುದರಿಂದ ಹುಬ್ಬಳ್ಳಿಯ ವೈದ್ಯರು ಲೈಪೋಸೋಮಲ್ ಡಾಕ್ಸೊರುಬಿಸಿನ್ ಎಂಬ ಔಷಧವನ್ನು ನಾಲ್ಕು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡಲು ಸೂಚಿಸಿದ್ದಾರೆ. ಇದು ನ್ಯಾನೊ ಔಷಧ, ನೇರವಾಗಿ ಗಡ್ಡೆಯನ್ನೇ ಹುಡುಕಿಕೊಂಡು ಹೋಗುತ್ತದೆ, ಮೈಗೆ ಬೇರೆ ಯಾವ ತೊಂದರೆಯೂ ಇಲ್ಲ ಎಂದು ಪರಿಚಿತರೊಬ್ಬರು ಧೈರ್ಯ ಹೇಳಿದರು. ಇದು ಎಷ್ಟರ ಮಟ್ಟಿಗೆ ನಿಜ? ಹಿಂದಿನ ಕಿಮೋದಲ್ಲಿ ಉದುರಿದ ಕೂದಲು ಈಗಷ್ಟೇ ಮರಳಿ ಬಂದಿದೆ. ಅದು ಮತ್ತೆ ಹೋಗುತ್ತದೆಯೇ ಎಂಬುದೇ ಅವರ ಮೊದಲ ಚಿಂತೆ. ಮನೆಯಲ್ಲಿ ಅಡಿಕೆ ಕೊಯ್ಲು ಹತ್ತಿರ ಬಂದಿದ್ದು, ಅವರು ಕೆಲಸ ಬಿಟ್ಟು ಸುಮ್ಮನೆ ಕೂರುವವರಲ್ಲ. ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಔಷಧ ವಿಜ್ಞಾನದ ಅಧ್ಯಾಪಕಿ, ಕಾರವಾರ

ನಿಮ್ಮ ಪರಿಚಿತರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಉಳಿದರ್ಧವನ್ನು ತಿಳಿದುಕೊಳ್ಳದೆ ಚಿಕಿತ್ಸೆಗೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಲೈಪೋಸೋಮ್ ಎಂದರೆ ಕೊಬ್ಬಿನ ಪದರದಿಂದಾದ, ಸುಮಾರು 100 ನ್ಯಾನೊಮೀಟರ್ ಗಾತ್ರದ ಟೊಳ್ಳು ಗುಳ್ಳೆ. ಅದರ ಒಳಗೆ ಡಾಕ್ಸೊರುಬಿಸಿನ್ ಎಂಬ ಕಿಮೋ ಔಷಧ ಹರಳುಗಟ್ಟಿ ಕುಳಿತಿರುತ್ತದೆ. ಹೊರಮೈಗೆ ಪಾಲಿಇಥಿಲೀನ್ ಗ್ಲೈಕಾಲ್ ಎಂಬ ವಸ್ತುವಿನ ಎಳೆಗಳನ್ನು ಹೊದಿಸಿರುವುದರಿಂದ ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಅದನ್ನು ಬೇಗನೆ ಗುರುತಿಸಿ ನುಂಗಲಾರವು. ಹಾಗಾಗಿ ಔಷಧ ಎರಡು ಮೂರು ದಿನಗಳ ಕಾಲ ರಕ್ತದಲ್ಲಿ ಸುತ್ತುತ್ತಿರುತ್ತದೆ. ಅಮೆರಿಕದಲ್ಲಿ 1995ರಲ್ಲಿ ಅನುಮತಿ ಪಡೆದ ಈ ಔಷಧ ಇಂದಿನ ನ್ಯಾನೊ ಔಷಧಗಳಲ್ಲಿ ಹಿರಿಯವುಗಳಲ್ಲೊಂದು.

ಇದು ಗಡ್ಡೆಯನ್ನು ಹುಡುಕುವುದಿಲ್ಲ. ಹುಡುಕಲು ಬೇಕಾದ ಯಾವ ಗುರುತೂ ಅದರ ಮೈಮೇಲೆ ಇಲ್ಲ. ಅವಸರದಲ್ಲಿ ಬೆಳೆದ ಗಡ್ಡೆಯ ರಕ್ತನಾಳಗಳ ಗೋಡೆಯಲ್ಲಿ ಸಂದುಗಳಿರುತ್ತವೆ, ಅಲ್ಲಿಂದ ದುಗ್ಧರಸ (ಅಂಗಾಂಶಗಳ ನಡುವಿನ ದ್ರವ) ಹರಿದುಹೋಗುವ ವ್ಯವಸ್ಥೆಯೂ ಸರಿಯಾಗಿರುವುದಿಲ್ಲ. ಆದ್ದರಿಂದ ಇಂಥ ಗಾತ್ರದ ಕಣಗಳು ಅಲ್ಲಿ ಸೋರಿ ನಿಲ್ಲುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ತೋರಿಸಿದರು. ಪ್ರಾಣಿಗಳಲ್ಲಿ ಚೆನ್ನಾಗಿ ಕಂಡ ಈ ಪರಿಣಾಮ ಮನುಷ್ಯರಲ್ಲಿ ಗಡ್ಡೆಯಿಂದ ಗಡ್ಡೆಗೆ ಬಹಳ ಬದಲಾಗುತ್ತದೆ. ಹಲವು ಪ್ರಾಣಿ ಪ್ರಯೋಗಗಳ ದತ್ತಾಂಶವನ್ನು ಒಟ್ಟುಗೂಡಿಸಿ ಟೊರಾಂಟೊದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕೊಟ್ಟ ನ್ಯಾನೊ ಕಣಗಳಲ್ಲಿ ಗಡ್ಡೆಯನ್ನು ತಲುಪುವುದರ ಮಧ್ಯಾಂಕ (ಫಲಿತಾಂಶಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಕೇವಲ ಶೇಕಡಾ 0.7. ಉಳಿದದ್ದರಲ್ಲಿ ದೊಡ್ಡ ಪಾಲು ಕೊನೆಗೆ ಯಕೃತ್ತು, ಗುಲ್ಮಗಳಿಗೇ ಸೇರುತ್ತದೆ.

ಹಾಗಾದರೆ ಲಾಭವೇನು? ಲಾಭವಿರುವುದು ಹೃದಯಕ್ಕೆ. ಸಾದಾ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ಇಳಿದು ಹಾನಿ ಮಾಡುವುದರಿಂದ ಅದನ್ನು ಜೀವಮಾನದಲ್ಲಿ ಇಷ್ಟೇ ಕೊಡಬೇಕೆಂಬ ಮಿತಿ ಇದೆ. ಆದರೆ ಹೃದಯದ ರಕ್ತನಾಳಗಳ ಗೋಡೆ ಬಿಗಿಯಾಗಿರುವುದರಿಂದ ಲೈಪೋಸೋಮ್ ಸುಲಭವಾಗಿ ಅಲ್ಲಿ ಹೊರಬೀಳುವುದಿಲ್ಲ. ಹರಡಿದ ಸ್ತನ ಕ್ಯಾನ್ಸರ್‌ನ 509 ಮಹಿಳೆಯರಲ್ಲಿ ಎರಡೂ ರೂಪಗಳನ್ನು ಹೋಲಿಸಿ ನೋಡಿದ, 2004ರಲ್ಲಿ ಪ್ರಕಟವಾದ ಅಧ್ಯಯನವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಓದಿಸುತ್ತೇನೆ. ರೋಗವನ್ನು ತಡೆದ ಅವಧಿಯಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಹೃದಯದ ಹಾನಿ ಲೈಪೋಸೋಮ್ ಪಡೆದವರಲ್ಲಿ ಬಹಳ ಕಡಿಮೆಯಿತ್ತು. ಕೂದಲು ಉದುರಿದ್ದು ಸಾದಾ ಔಷಧದಲ್ಲಿ ಶೇಕಡಾ 66 ಮಂದಿಗೆ, ಲೈಪೋಸೋಮಿನಲ್ಲಿ ಶೇಕಡಾ 20 ಮಂದಿಗೆ. ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವ ತೊಂದರೆ ಮಾತ್ರ ತಿರುವುಮುರುವಾಗಿತ್ತು: ಸಾದಾ ಔಷಧದಲ್ಲಿ ಶೇಕಡಾ 2, ಲೈಪೋಸೋಮಿನಲ್ಲಿ ಶೇಕಡಾ 48. ಅಂದರೆ ನ್ಯಾನೊ ರೂಪವು ತೊಂದರೆಯನ್ನು ಇಲ್ಲವಾಗಿಸಲಿಲ್ಲ, ಅದರ ಜಾಗವನ್ನು ಬದಲಾಯಿಸಿತು. ಚಿಕ್ಕಮ್ಮನವರ ಕೂದಲು ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ ಎಂದು ಅವರಿಗೆ ತಿಳಿಸಬಹುದು, ಆದರೆ ಕೈಕಾಲುಗಳ ಬಗ್ಗೆ ಈಗಿನಿಂದಲೇ ಎಚ್ಚರ ಬೇಕು.

ಉತ್ತರ: ಕಿಮೋ ವಾರ್ಡಿನ ಶುಶ್ರೂಷಕಿ, ಊರು ಕುಮಟಾ

ಮೇಡಂ ಬರೆದ ಕೈಕಾಲಿನ ವಿಷಯವನ್ನೇ ನಾನು ಮುಂದುವರಿಸುತ್ತೇನೆ, ಏಕೆಂದರೆ ನಮ್ಮ ಕಡೆಯ ಮನೆಗಳಲ್ಲಿ ಅದು ಉಲ್ಬಣಿಸುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಬಿಸಿ, ಒತ್ತಡ, ತಿಕ್ಕಾಟ ಈ ಮೂರರಿಂದ ಅಂಗೈ ಅಂಗಾಲುಗಳ ಸಣ್ಣ ರಕ್ತನಾಳಗಳಿಂದ ಔಷಧ ಚರ್ಮಕ್ಕೆ ಇಳಿಯುವುದು ಹೆಚ್ಚುತ್ತದೆ. ಡ್ರಿಪ್ ಆದ ಮೊದಲ ವಾರದಲ್ಲಿ ಬಚ್ಚಲ ಹಂಡೆಯ ಸುಡುನೀರನ್ನು ಮೈಮೇಲೆ ಹೊಯ್ದುಕೊಳ್ಳುವುದು ಬೇಡ, ಉಗುರು ಬೆಚ್ಚಗಿನ ಅಥವಾ ತಣ್ಣೀರಿನ ಸ್ನಾನ ಸಾಕು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದನ್ನು ಮತ್ತು ಅಡಿಕೆ ಬೇಯಿಸುವ ಒಲೆಯ ಬಳಿ ನಿಲ್ಲುವುದನ್ನು ಈ ಬಾರಿ ಬೇರೆಯವರಿಗೆ ಬಿಟ್ಟುಕೊಡಲಿ. ಬಿಗಿಯಾದ ಚಪ್ಪಲಿ, ಬಳೆ, ಉಂಗುರ ಬೇಡ. ಅಂಗೈಯಲ್ಲಿ ಜುಮುಗುಟ್ಟುವಿಕೆ ಅಥವಾ ಉರಿ ಕಂಡ ದಿನವೇ ವೈದ್ಯರಿಗೆ ತಿಳಿಸಬೇಕು. ಮುಂದಿನ ಡೋಸನ್ನು ತಡಮಾಡಿದರೆ ಅಥವಾ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಅದು ಇಳಿಯುತ್ತದೆ, ಆದರೆ ಚಿಕಿತ್ಸೆ ನಿಲ್ಲಿಸಿಬಿಟ್ಟಾರೆಂಬ ಭಯದಿಂದ ಅನೇಕರು ಮುಚ್ಚಿಡುತ್ತಾರೆ.

ಮೊದಲ ಡ್ರಿಪ್ ಆರಂಭಿಸಿದ ಕೆಲವೇ ನಿಮಿಷಗಳಲ್ಲಿ ಮುಖ ಕೆಂಪೇರಿ, ಎದೆ ಬಿಗಿದು, ಬೆನ್ನು ನೋಯುವುದುಂಟು. ಅದಕ್ಕಾಗಿಯೇ ನಾವು ಅದನ್ನು ಬಹಳ ನಿಧಾನವಾಗಿ ಶುರುಮಾಡುತ್ತೇವೆ. ಹಾಗೇನಾದರೂ ಅನ್ನಿಸಿದರೆ ಅವರು ತಕ್ಷಣ ಬಾಯಿಬಿಟ್ಟು ಹೇಳಲಿ. ಮೂತ್ರ ಒಂದೆರಡು ದಿನ ಕೆಂಪು ಬಣ್ಣದಲ್ಲಿ ಹೋಗಬಹುದು, ಅದು ಔಷಧದ ಬಣ್ಣ, ರಕ್ತವಲ್ಲ. ಜ್ವರ ಬಂದರೆ ಮಾತ್ರ ರಾತ್ರಿಯಾದರೂ ಕಾಯಬಾರದು.

ಮರುಪ್ರಶ್ನೆ: ಶಿರಸಿ ಸೀಮೆಯ ಅಡಿಕೆ ಬೆಳೆಗಾರ

ಇಬ್ಬರಿಗೂ ಧನ್ಯವಾದ. ಇನ್ನೆರಡು ಮಾತು ಕೇಳಬೇಕಾಗಿದೆ. ನ್ಯಾನೊ ಕಣದಲ್ಲಿ ಜೀನ್ ಇಟ್ಟು ಕಳಿಸುವ ಚಿಕಿತ್ಸೆ ಬರಲಿದೆ, ಅಲ್ಲಿಯ ತನಕ ಕಿಮೋ ಮುಂದೂಡಿ ಎಂದು ಅಣ್ಣ ಒತ್ತಾಯಿಸುತ್ತಿದ್ದಾನೆ. ನಮ್ಮ ಘಟ್ಟದ ಕಾಡಿನ ಮರವೊಂದರಲ್ಲೇ ಕ್ಯಾನ್ಸರ್ ಔಷಧವಿದೆ, ಅದರ ಕಷಾಯ ಮಾಡಿಕೊಡಿ ಎಂದು ಇನ್ನೊಬ್ಬರ ಸಲಹೆ.

ಉತ್ತರ: ಮೂಲತಃ ಶಿರಸಿಯ ಸಂಶೋಧಕ, ಬೆಂಗಳೂರು

ದಯವಿಟ್ಟು ಎರಡನ್ನೂ ಕೈಬಿಡಿ. ಮರದ ಸಂಗತಿ ನಿಜ, ಕಷಾಯದ ಸಲಹೆ ಅಪಾಯಕಾರಿ. ಆ ಮರ ಬಹುಶಃ ನೊಥಾಪೊಡೈಟಿಸ್ ನಿಮ್ಮೋನಿಯಾನ. ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ಕಂಡುಕೊಂಡರು. ಆದರೆ ಆ ವಸ್ತುವನ್ನು ನೇರವಾಗಿ ರೋಗಿಗಳಿಗೆ ಕೊಟ್ಟು ನೋಡಿದ 1970ರ ದಶಕದ ಪ್ರಯೋಗಗಳಲ್ಲಿ ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೀವ್ರ ತೊಂದರೆಗಳಾಗಿ ಅದನ್ನು ಬಿಡಬೇಕಾಯಿತು. ಅದರ ಅಣುವನ್ನು ಮಾರ್ಪಡಿಸಿ ಇರಿನೋಟೆಕಾನ್ ಮಾಡಿದ ಬಳಿಕವೇ ಅದು ಔಷಧವಾದದ್ದು. ಅದೇ ಇರಿನೋಟೆಕಾನನ್ನು ಲೈಪೋಸೋಮಿನೊಳಗೆ ತುಂಬಿದ ರೂಪಕ್ಕೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಾಗಿ 2015ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ನಮ್ಮ ಕಾಡಿನ ತೊಗಟೆಗೂ ಆಸ್ಪತ್ರೆಯ ಬಾಟಲಿಗೂ ನಡುವೆ ಇಷ್ಟು ವರ್ಷಗಳ ರಸಾಯನಶಾಸ್ತ್ರದ ಕೆಲಸವಿದೆ. ಮರಗಳನ್ನು ಇದಕ್ಕಾಗಿ ಬುಡಸಮೇತ ಕಡಿದು ಸಾಗಿಸಿದ್ದರಿಂದ ಅವು ಹಲವೆಡೆ ವಿರಳವಾಗಿವೆ ಎಂಬ ನೋವೂ ನನಗಿದೆ.

ಜೀನ್ ಚಿಕಿತ್ಸೆಯ ವಿಷಯ. ಆರ್‌ಎನ್‌ಎಯನ್ನು (ಜೀನಿನ ಸಂದೇಶವನ್ನು ಒಯ್ಯುವ ಅಥವಾ ತಡೆಯುವ ಅಣು) ಕೊಬ್ಬಿನ ನ್ಯಾನೊ ಕಣದಲ್ಲಿಟ್ಟು ಕಳಿಸುವ ವಿಧಾನ ಈಗ ಕನಸಲ್ಲ. 2018ರಲ್ಲಿ ಅನುಮತಿ ಪಡೆದ ಪ್ಯಾಟಿಸಿರಾನ್ ಎಂಬ ಔಷಧ ಒಂದು ಆನುವಂಶಿಕ ನರರೋಗಕ್ಕೆ ಬಳಕೆಯಲ್ಲಿದೆ, ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳೂ ಇದೇ ಬಗೆಯವು. ಆದರೆ ಪ್ಯಾಟಿಸಿರಾನ್ ಯಶಸ್ವಿಯಾದದ್ದು ಅದರ ಗುರಿ ಯಕೃತ್ತು ಆದದ್ದರಿಂದ. ರಕ್ತಕ್ಕೆ ಬಿದ್ದ ಇಂಥ ಕಣಕ್ಕೆ ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಅಪೊಲಿಪೊಪ್ರೋಟೀನ್ ಇ ಎಂಬ ಪ್ರೋಟೀನು ಅಂಟಿಕೊಂಡು, ಯಕೃತ್ತಿನ ಕೋಶಗಳು ಅದನ್ನು ಕೊಲೆಸ್ಟರಾಲ್ ಕಣವೆಂಬಂತೆ ಒಳಗೆ ಎಳೆದುಕೊಳ್ಳುತ್ತವೆ. ಅಂಡಾಶಯದ ಗಡ್ಡೆಗೆ ಅಂಥ ಸುಲಭದ ದಾರಿ ಇಲ್ಲ. ಅಲ್ಲಿ ತಲುಪಿದರೂ, ಕೋಶವು ಕಣವನ್ನು ನುಂಗುವಾಗ ಸುತ್ತಿಕೊಳ್ಳುವ ಪೊಟ್ಟಣದಿಂದ ಹೊರಬಂದು ಕೆಲಸ ಮಾಡುವ ಅಂಶ ಅತ್ಯಲ್ಪ, ಮತ್ತು ಒಂದೆರಡು ಕೋಶ ತಪ್ಪಿದರೂ ಗಡ್ಡೆ ಮತ್ತೆ ಬೆಳೆಯಬಲ್ಲದು. ಭಾರತದಲ್ಲಿ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆತ ನೆಕ್ಸ್‌ಕಾರ್‌19 ಎಂಬ ಜೀನ್ ಚಿಕಿತ್ಸೆ ಕೂಡ ನ್ಯಾನೊ ಕಣದ್ದಲ್ಲ. ರೋಗಿಯ ಟಿ ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳ ಒಂದು ಬಗೆ) ಹೊರತೆಗೆದು, ವೈರಸ್ ವಾಹಕದಿಂದ ಮಾರ್ಪಡಿಸಿ ಮರಳಿ ಕೊಡುವ ಆ ಚಿಕಿತ್ಸೆ ಬಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ರಕ್ತ ಕ್ಯಾನ್ಸರ್ ಮತ್ತು ಲಿಂಫೋಮಾಗಳಿಗೆ (ದುಗ್ಧ ವ್ಯವಸ್ಥೆಯ ಕ್ಯಾನ್ಸರ್) ಮೀಸಲು. ಕೈಯಲ್ಲಿರುವ ಚಿಕಿತ್ಸೆಯನ್ನು ಮುಂದೂಡಿ ಇದಕ್ಕಾಗಿ ಕಾಯುವುದೆಂದರೆ ರೋಗಕ್ಕೆ ಸಮಯ ಕೊಟ್ಟಂತೆ. ಅಣ್ಣನವರಿಗೆ ಇದನ್ನು ಓದಿ ಹೇಳಿ.

ಉತ್ತರ: ಔಷಧ ವಿಜ್ಞಾನದ ಅಧ್ಯಾಪಕಿ, ಕಾರವಾರ

ಇನ್ನೊಂದು ವಿಷಯ ಸೇರಿಸುತ್ತೇನೆ. ಈ ಔಷಧದ ಭಾರತೀಯ ತಯಾರಿಕೆಗಳು ಕಡಿಮೆ ಬೆಲೆಗೆ ಸಿಗುತ್ತವೆ. 2012ರಲ್ಲಿ ಅಮೆರಿಕದಲ್ಲಿ ಕೊರತೆಯಾದಾಗ ಭಾರತದಲ್ಲಿ ತಯಾರಾದದ್ದನ್ನೇ ಅಲ್ಲಿಗೆ ತರಿಸಿಕೊಂಡಿದ್ದರು. ಆದ್ದರಿಂದ ದೇಶೀಯವೆಂಬ ಕಾರಣಕ್ಕೆ ಅನುಮಾನಪಡಬೇಕಿಲ್ಲ, ಆದರೆ ಎಲ್ಲ ಸರದಿಗೂ ಒಂದೇ ತಯಾರಿಕೆಯನ್ನು ಮುಂದುವರಿಸಬಹುದೇ ಎಂದು ವೈದ್ಯರನ್ನು ಕೇಳಿ. ಆರೋಗ್ಯ ಯೋಜನೆಯಲ್ಲಿ ಇದು ಸೇರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಮೊದಲೇ ವಿಚಾರಿಸಿ.

ಹುಬ್ಬಳ್ಳಿಯಲ್ಲಿ ಕೊಂಡು ಊರಿನ ಸಮೀಪದಲ್ಲೇ ಡ್ರಿಪ್ ಹಾಕಿಸುವ ಯೋಚನೆ ಇದ್ದರೆ, 2ರಿಂದ 8 ಡಿಗ್ರಿಯ ತಂಪನ್ನು ದಾರಿಯುದ್ದಕ್ಕೂ ಕಾಯ್ದುಕೊಳ್ಳಬೇಕು. ಹೆಚ್ಚು ತಂಪಾಗಲೆಂದು ಬಾಟಲಿಯನ್ನು ಮಂಜುಗಡ್ಡೆಯ ನಡುವೆ ಹುಗಿದಿಟ್ಟರೆ ಔಷಧ ಹೆಪ್ಪುಗಟ್ಟಿ, ಗುಳ್ಳೆಗಳ ಪದರ ಒಡೆದು, ಒಳಗಿನ ಡಾಕ್ಸೊರುಬಿಸಿನ್ ಹೊರಗೆ ಸೋರಬಹುದು. ಆಗ ಅದು ಹೆಸರಿಗಷ್ಟೇ ಲೈಪೋಸೋಮ್. ಬಾಟಲಿಗೂ ಮಂಜಿನ ಚೀಲಕ್ಕೂ ನಡುವೆ ದಪ್ಪ ಬಟ್ಟೆ ಇಟ್ಟು ತನ್ನಿ, ಮನೆಯ ಫ್ರಿಜ್ಜಿನ ಮೇಲಿನ ಮಂಜಿನ ಖಾನೆಯಲ್ಲಿ ಮಾತ್ರ ಎಂದಿಗೂ ಇಡಬೇಡಿ.