‘ಹೀರಿಕೆ’ ಎಂದರೆ ಹೀರುವುದೋ, ಹೀರಿದ್ದೋ?

ಮಾನ್ಯರೇ,

ಆಲೂಗೆಡ್ಡೆಗೆ ಪೊಟ್ಯಾಷ್ ಗೊಬ್ಬರ ಕೊಟ್ಟಾಗ ಬೆಳವಣಿಗೆಯಲ್ಲಿ, ಪೋಷಕಾಂಶಗಳ ವಿಷಯದಲ್ಲಿ ಏನೇನು ಬದಲಾಗುತ್ತದೆ ಎಂಬ ಬರಹವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಬೆಳೆಗಾರರು. ‘ಅಪ್‌ಟೇಕ್’ ಎಂಬ ಒಂದು ಪದದ ಬಳಿ ಕೆಲಸ ನಿಂತಿದೆ.

ಕೃಷಿ ಬರಹಗಳಲ್ಲಿ ಇದಕ್ಕೆ ಹೀರಿಕೆ, ಹೀರುವಿಕೆ, ಹೀರಿಕೊಳ್ಳುವಿಕೆ ಮೂರೂ ಒಂದೇ ಎಂಬಂತೆ ಬರುತ್ತವೆ. ಬೇರಿನ ಕೆಲಸವನ್ನು ವಿವರಿಸುವ ವಾಕ್ಯಗಳಲ್ಲಿ ಯಾವುದನ್ನು ಬಳಸಿದರೂ ಅರ್ಥ ಕೆಡುವುದಿಲ್ಲ. ಕೆಡುವುದು ಕೋಷ್ಟಕದಲ್ಲಿ. ಅಲ್ಲಿ ‘ಅಪ್‌ಟೇಕ್’ ಎಂಬ ತಲೆಬರಹದ ಕೆಳಗೆ ಹೆಕ್ಟೇರಿಗೆ ಇಷ್ಟು ಕಿಲೋ ಎಂಬ ಅಂಕಿ ಇರುತ್ತದೆ. ಬೇರು ಹೀರುವಾಗ ಪಕ್ಕದಲ್ಲಿ ಕುಳಿತು ಅಳೆದ ಅಂಕಿ ಅದಲ್ಲ. ಗಿಡವನ್ನೂ ಗೆಡ್ಡೆಯನ್ನೂ ಒಣಗಿಸಿ ತೂಗುತ್ತಾರೆ, ಪುಡಿ ಮಾಡಿ ಅದರಲ್ಲಿ ಪೊಟ್ಯಾಸಿಯಂ ಶೇಕಡಾ ಎಷ್ಟಿದೆ ಎಂದು ನೋಡುತ್ತಾರೆ, ಎರಡನ್ನೂ ಗುಣಿಸುತ್ತಾರೆ. ಬರುವುದು ಒಂದು ಲೆಕ್ಕದ ಮೊತ್ತ.

ಲೆಕ್ಕಕ್ಕಾಗಿ ಎರಡು ತಾಕುಗಳನ್ನು ಕಲ್ಪಿಸಿಕೊಳ್ಳೋಣ. ಒಂದರಲ್ಲಿ ಹೆಕ್ಟೇರಿಗೆ 8,000 ಕಿಲೋ ಒಣ ತೂಕ, ಅದರಲ್ಲಿ ಶೇ. 2 ಪೊಟ್ಯಾಸಿಯಂ: 160 ಕಿಲೋ. ಇನ್ನೊಂದು ತಾಕಿನಲ್ಲಿ ಸಾರಜನಕ ಹೆಚ್ಚು ಸಿಕ್ಕು ಬೆಳೆ ಹುಲುಸಾಗಿದೆ. ಒಣ ತೂಕ 10,000 ಕಿಲೋ, ಪೊಟ್ಯಾಸಿಯಂ ಶೇ. 1.8: 180 ಕಿಲೋ. ಶೇಕಡಾ ಅಂಶ ಇಳಿದಿದೆ, ‘ಹೀರಿಕೆ’ ಏರಿದೆ. ನನ್ನ ಕರಡು ಓದಿದ ಬೆಳೆಗಾರರೊಬ್ಬರು ಇಂಥದೇ ಸಾಲಿನ ಮೇಲೆ ಬೆರಳಿಟ್ಟು, “ಹೆಚ್ಚು ಹೀರಿದ್ದರೆ ಅಂಶ ಹೇಗೆ ಕಡಿಮೆಯಾಯಿತು? ಅಚ್ಚಿನ ತಪ್ಪಿರಬೇಕು ನೋಡಿ” ಎಂದರು. ತಪ್ಪು ಅಚ್ಚಿನದಲ್ಲ, ನಾನು ಆರಿಸಿದ ಪದದ್ದು. ಆ ದಿನದಿಂದ ಇದನ್ನು ಹೀಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ.

ನನಗೆ ಕಂಡ ದಾರಿ ಕನ್ನಡದ ಪ್ರತ್ಯಯಗಳಲ್ಲೇ ಇದೆ. ‘ಗಳಿಸುವಿಕೆ’ ಕೆಲಸ, ‘ಗಳಿಕೆ’ ಕೈಗೆ ಬಂದ ಮೊತ್ತ. ‘ಹೂಡುವಿಕೆ’ ಕ್ರಿಯೆ, ‘ಹೂಡಿಕೆ’ ಹೂಡಿದ ಹಣ. ‘ಉಳಿಯುವಿಕೆ’ ಮತ್ತು ‘ಉಳಿಕೆ’ ನಡುವೆಯೂ ಇದೇ ಅಂತರ. ಹಾಗಾದರೆ ಬೇರಿನ ಕೆಲಸಕ್ಕೆ ‘ಹೀರುವಿಕೆ’, ಗಿಡದೊಳಗೆ ಸೇರಿದ ಮೊತ್ತಕ್ಕೆ ‘ಹೀರಿಕೆ’ ಎಂದು ಗೆರೆ ಎಳೆಯಬಹುದಲ್ಲವೇ? ನಂಬಿಕೆ, ಹೆದರಿಕೆಗಳಂಥ ಪದಗಳು ಈ ಸಾಲಿಗೆ ಸೇರುವುದಿಲ್ಲ, ಬಲ್ಲೆ. ಆದರೆ ಎಣಿಸಿ ತೂಗಬಹುದಾದ ವಸ್ತುವಿನ ಮಾತು ಬಂದಾಗ ‘-ಇಕೆ’ ಮೊತ್ತದ ಕಡೆಗೆ ವಾಲುತ್ತದೆ ಎಂಬುದು ನನ್ನ ಅನುಭವ. ‘ಹೀರುವಿಕೆ’ಯನ್ನೂ ‘ಹೀರಿಕೆ’ಯನ್ನೂ ಒಂದೇ ಪುಟದಲ್ಲಿ ಕಂಡ ಓದುಗ ಈ ವ್ಯತ್ಯಾಸವನ್ನು ಹಿಡಿಯುತ್ತಾನೆಯೇ ಎಂಬುದಷ್ಟೇ ನನ್ನ ಅಳುಕು.

ಹೀರುವುದಕ್ಕೇ ಇರುವ ಸಂಸ್ಕೃತ ಪದ ‘ಅವಶೋಷಣೆ’ಯನ್ನು ನಾನು ದೂರವಿಟ್ಟಿದ್ದೇನೆ. ಕನ್ನಡದ ಕಿವಿಗೆ ಅದರಲ್ಲಿ ‘ಶೋಷಣೆ’ಯೇ ಮೊದಲು ಕೇಳಿಸುತ್ತದೆ. ‘ಮೈಗೂಡಿಸಿಕೊಳ್ಳುವಿಕೆ’ ಎಂಬ ಸೊಗಸಾದ ಪದವೂ ಇದೆ, ಆದರೆ ಅದು ಇಲ್ಲಿ ಸಲ್ಲದು. ಸಾರಜನಕ ನಿಜವಾಗಿಯೂ ಗಿಡದ ಮೈಗೂಡುತ್ತದೆ, ಪ್ರೋಟೀನಿನ ಭಾಗವಾಗುತ್ತದೆ. ಪೊಟ್ಯಾಸಿಯಂ ಹಾಗಲ್ಲ. ಅದು ಯಾವ ಸಾವಯವ ಸಂಯುಕ್ತದ ಭಾಗವೂ ಆಗದೆ ಅಯಾನಾಗಿಯೇ, ಅಂದರೆ ವಿದ್ಯುದಂಶವುಳ್ಳ ಬಿಡಿ ಕಣವಾಗಿಯೇ, ಜೀವಕೋಶಗಳ ರಸದಲ್ಲಿ ಉಳಿಯುತ್ತದೆ. ಎಲೆಯ ಪತ್ರರಂಧ್ರಗಳನ್ನು ತೆರೆಯಲು, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಗೆಡ್ಡೆಗೆ ಸಾಗಿಸಲು, ಅಲ್ಲಿ ಅದನ್ನು ಪಿಷ್ಟವಾಗಿಸುವ ಕಿಣ್ವ ಕೆಲಸ ಮಾಡಲು ಅದು ಬೇಕೇ ಬೇಕು. ಕೊರತೆಯಾದಾಗ ಗಿಡ ಹಳೆಯ ಎಲೆಗಳಿಂದ ಅದನ್ನು ಎಳೆಯ ಭಾಗಗಳಿಗೆ ಸಾಗಿಸಿಬಿಡುತ್ತದೆ. ಕೆಳಗಿನ ಎಲೆಗಳ ಅಂಚು ಮೊದಲು ಕಂದಿ, ಸುಟ್ಟಂತೆ ಕಾಣುವುದು ಇದಕ್ಕೇ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಆಲೂಗೆಡ್ಡೆಗೆ ಪೊಟ್ಯಾಷ್ ಹೆಚ್ಚಾಗಿ ಸಿಕ್ಕರೆ ಇಳುವರಿ ಹೆಚ್ಚದಿದ್ದರೂ ಗಿಡ ಹೀರುತ್ತಲೇ ಇರುತ್ತದೆ. ಇದನ್ನು ಇಂಗ್ಲಿಷಿನಲ್ಲಿ ‘ಲಕ್ಷುರಿ ಕನ್ಸಂಪ್ಷನ್’ ಎನ್ನುತ್ತಾರೆ. ‘ಐಷಾರಾಮಿ ಬಳಕೆ’ ಎಂದರೆ ಗಿಡ ಸುಖಪಡುತ್ತಿದೆ ಎಂಬ ಚಿತ್ರ ಬರುತ್ತದೆ. ನಡೆಯುವುದು ಅದಕ್ಕೆ ವಿರುದ್ಧ: ಗೆಡ್ಡೆಯಲ್ಲಿ ನೀರು ಹೆಚ್ಚಿ ಒಣ ಅಂಶ ಇಳಿಯಬಹುದು, ಮೆಗ್ನೀಸಿಯಂ ಹೀರುವುದಕ್ಕೆ ಅಡ್ಡಿಯಾಗಬಹುದು. ‘ಮಿತಿಮೀರಿದ ಹೀರಿಕೆ’ ಎಂದರೆ ನಂಜೇರಿದಂತೆ ಕೇಳಿಸುತ್ತದೆ, ‘ಮಿಗಿಲು ಹೀರಿಕೆ’ ಎಂದರೆ ಹೊಗಳಿದಂತೆ. ಸದ್ಯಕ್ಕೆ ‘ಅಗತ್ಯ ಮೀರಿದ ಹೀರಿಕೆ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಸುಳ್ಳು ಹೇಳುವುದಿಲ್ಲ.

ಜೊತೆಗೆ ಇನ್ನೊಂದು ಮಾತು. ಬೆಳೆಗೆ ಬೇಕಾದ ಮೂರು ಮುಖ್ಯ ಪೋಷಕಾಂಶಗಳಲ್ಲಿ ಸಾರಜನಕ, ರಂಜಕ ಎಂದು ಎರಡಕ್ಕೆ ನಮ್ಮಲ್ಲಿ ಹೆಸರಿದೆ, ಮೂರನೆಯದನ್ನು ಪೊಟ್ಯಾಷ್ ಎಂದೇ ಕರೆಯುತ್ತೇವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ಪೊಟ್ಯಾಷ್’, ‘ಪೊಟ್ಯಾಸಿಯಂ’ ಎರಡನ್ನೂ ಒಂದರ ಬದಲು ಇನ್ನೊಂದೆಂದು ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗೊಬ್ಬರದ ಲೆಕ್ಕದಲ್ಲಿ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಆಕ್ಸೈಡ್ ರೂಪದ ತೂಕ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರದ ಚೀಲದ ಮೇಲೆ ಶೇ. 60 ಎಂದಿದ್ದರೆ ಅದರಲ್ಲಿರುವ ಪೊಟ್ಯಾಸಿಯಂ ಸುಮಾರು ಶೇ. 50 ಮಾತ್ರ. ಒಂದು ಟನ್ ಹಸಿ ಆಲೂಗೆಡ್ಡೆ ಹೊಲದಿಂದ ಹೊರಗೆ ಒಯ್ಯುವುದು ಸುಮಾರು 4 ಕಿಲೋ ಪೊಟ್ಯಾಸಿಯಂ. ಅದನ್ನೇ ಪೊಟ್ಯಾಷ್ ಎಂದು ಬರೆಯುವುದಾದರೆ ಸುಮಾರು 5 ಕಿಲೋ ಎಂದಾಗಬೇಕು. ಹೆಸರು ಬದಲಿಸಿ ಅಂಕಿಯನ್ನು ಹಾಗೇ ಬಿಟ್ಟ ಅನುವಾದವನ್ನು ನಂಬಿದ ಬೆಳೆಗಾರನ ಲೆಕ್ಕ ಎಕರೆ ಎಕರೆಗೂ ತಪ್ಪುತ್ತದೆ.

‘ಹೀರುವಿಕೆ’, ‘ಹೀರಿಕೆ’ ನಡುವೆ ನಾನು ಎಳೆದ ಗೆರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ, ಅಥವಾ ಕೋಷ್ಟಕದ ತಲೆಯ ಮೇಲೆ ‘ಗಿಡಕ್ಕೆ ಸೇರಿದ ಪೊಟ್ಯಾಸಿಯಂ’ ಎಂದು ಬಿಡಿಸಿಯೇ ಬರೆಯಲೇ? ‘ಅಗತ್ಯ ಮೀರಿದ ಹೀರಿಕೆ’ಗೆ ನಿಮ್ಮ ಕಡೆ ಬೆಳೆಗಾರರ ಬಾಯಲ್ಲಿ ಚಿಕ್ಕ ಪದವೊಂದು ಇದ್ದರೆ ದಯವಿಟ್ಟು ತಿಳಿಸಿ.