ವಿದೇಶದಲ್ಲಿ ಸ್ವಯಂಸೇವೆ: ಇಡೀ ದಿನದ ಮೈಕೆಲಸಕ್ಕೆ ಸಿದ್ಧತೆ ಹೇಗೆ?

ಪ್ರಶ್ನೆ:
ಮುಂದಿನ ತಿಂಗಳು ಬಿಸಿಲಿನ ದೇಶವೊಂದರಲ್ಲಿ ಶಾಲಾ ಕಟ್ಟಡ ಕಟ್ಟುವ ಸ್ವಯಂಸೇವಕರ ತಂಡವನ್ನು ಸೇರಲಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಮಣ್ಣು ಅಗೆಯುವ, ಇಟ್ಟಿಗೆ ಹೊರುವ, ಕಾಂಕ್ರೀಟ್ ಕಲಸುವ ಕೆಲಸವಿರುತ್ತದೆಂದು ತಿಳಿಸಿದ್ದಾರೆ. ವರ್ಷಗಟ್ಟಲೆ ಕುರ್ಚಿಯಲ್ಲೇ ಕುಳಿತು ದುಡಿದಿರುವ ನನಗೆ ಇದು ಸಾಧ್ಯವೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಖಂಡಿತ ಸಾಧ್ಯ, ಆದರೆ ಮೊದಲ ದಿನವೇ ಶೌರ್ಯ ತೋರಿಸಲು ಹೋಗಬೇಡಿ. ದೇಹವು ಬಿಸಿಲಿಗೆ ಒಗ್ಗಿಕೊಳ್ಳಲು ಸಾಮಾನ್ಯವಾಗಿ 1ರಿಂದ 2 ವಾರ ಬೇಕಾಗುವುದರಿಂದ, ಆರಂಭದಲ್ಲಿ ಕಡಿಮೆ ಹೊತ್ತು ದುಡಿದು, ಬಾಯಾರುವವರೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯುತ್ತಿರಬೇಕು. ನಾನು ಇದನ್ನು ಕಡೆಗಣಿಸಿ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತಿ ನೆರಳು ಹಿಡಿದು ಕುಳಿತೆ. ನನಗಿಂತ ಹಿರಿಯರಾದ ಅಲ್ಲಿನ ಗಾರೆ ಕೆಲಸದವರು ಮಾತ್ರ ಸದ್ದಿಲ್ಲದೆ ಗೋಡೆ ಏರಿಸುತ್ತಲೇ ಇದ್ದರು.

ಉತ್ತರ 2:
ಬಿಸಿಲಿಗಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಹಸಿ ಸಿಮೆಂಟು. ಅದು ಪಿಎಚ್ 12ನ್ನೂ ಮೀರಿದ ತೀವ್ರ ಕ್ಷಾರವಾದ್ದರಿಂದ, ಬೂಟಿನೊಳಗೆ ಸೇರಿದಾಗ ನೋವೇ ತಿಳಿಯದಿದ್ದರೂ ಕೆಲವು ಗಂಟೆಗಳ ಬಳಿಕ ಚರ್ಮ ಸುಟ್ಟಿರುವುದು ಗೊತ್ತಾಗಬಹುದು. ಬಟ್ಟೆಯ ಕೈಗವಸು ನೀರನ್ನು ಹೀರುತ್ತದೆ. ನೀರಿಳಿಯದ ಕೈಗವಸು ಮತ್ತು ಎತ್ತರದ ರಬ್ಬರ್ ಬೂಟುಗಳನ್ನೇ ಒಯ್ಯಿರಿ. ಚರ್ಮಕ್ಕೆ ತಗುಲಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯಿರಿ. ಧನುರ್ವಾಯು ಲಸಿಕೆ ಪಡೆದು 10 ವರ್ಷ ಕಳೆದಿದ್ದರೆ ಹೊರಡುವ ಮುನ್ನ ವೈದ್ಯರನ್ನು ಕಾಣಿ.

ಉತ್ತರ 3:
ವೀಸಾ ನಿಯಮವನ್ನೂ ನೋಡಿಕೊಳ್ಳಿ. ಕೆಲವು ದೇಶಗಳಲ್ಲಿ ಸಂಬಳವಿಲ್ಲದ ದುಡಿಮೆಯನ್ನೂ ಕೆಲಸವೆಂದೇ ಪರಿಗಣಿಸುವುದರಿಂದ ಪ್ರವಾಸಿ ವೀಸಾ ಸಾಲದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಬಟ್ಟೆಯ ಕೈಗವಸುಗಳನ್ನು ಆಗಲೇ ಕೊಂಡಿದ್ದೆ. ಅವು ಇಟ್ಟಿಗೆ ಹೊರಲಷ್ಟೇ ಇರಲಿ.